ನೀರಿಲ್ಲದ ಕಣ್ಣು

ಕಾವ್ಯಮೀಮಾಂಸೆಯ ಪಾಠದಲ್ಲಿ ಎಂಟು ಸಾತ್ತ್ವಿಕ ಭಾವಗಳ ವಿಷಯ ಬಂದಾಗ ‘ಅಶ್ರು’ವಿನ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುವುದುಂಟು. ಭರತಮುನಿ ಕಣ್ಣೀರಿಗೆ ಹೇಳುವ ಕಾರಣಗಳಲ್ಲಿ ಶೋಕ, ಆನಂದಗಳ ಜೊತೆಗೆ ಹೊಗೆ, ಕಾಡಿಗೆ, ಆಕಳಿಕೆ, ರೋಗಗಳೂ ಸೇರಿವೆ. ಇದನ್ನು ಕೇಳಿ ಹುಡುಗರು ನಗುತ್ತಾರೆ, ನಾನೂ ನಗುತ್ತಿದ್ದೆ. ಕಣ್ಣೀರು ಬಾರದಿರುವುದೂ ಒಂದು ರೋಗವೆಂಬ ಪಾಠವನ್ನು ನನಗೆ ಹೇಳಿದವನು ನಮ್ಮ ಮನೆಯ ಕೆಂಚ.

ಕೆಂಚ ಕಾಕರ್ ಸ್ಪೇನಿಯಲ್ ಜಾತಿಯ ಆರು ವರ್ಷದ ನಾಯಿ. ನಮ್ಮ ಮನೆಯಿರುವುದು ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯ ಮಗ್ಗುಲಿಗೆ. ಒರೆಸಿಟ್ಟ ಪುಸ್ತಕದ ಮೇಲೆ ಸಂಜೆಯೊಳಗೆ ಬೆರಳಿನಿಂದ ಅಕ್ಷರ ಬರೆಯಬಹುದಾದಷ್ಟು ಧೂಳು ಅಲ್ಲಿ. ಆದ್ದರಿಂದ ಕಳೆದ ಮಾಘದಲ್ಲಿ ಕೆಂಚನ ರೆಪ್ಪೆಗಳು ಬೆಳಗಾಗುವಷ್ಟರಲ್ಲಿ ಹಳದಿ ಗೀಜಿನಿಂದ ಅಂಟಿಕೊಳ್ಳತೊಡಗಿದಾಗ, ‘ಧೂಳು’ ಎಂದು ನಿರ್ಣಯಿಸಿದೆ. ಬಿಸಿನೀರಿನಲ್ಲಿ ಹತ್ತಿಯನ್ನು ಅದ್ದಿ ಒರೆಸಿದೆ. ಅಂಗಡಿಯಲ್ಲಿ ಕೇಳಿ ಹನಿಗಳನ್ನು ತಂದು ಹಾಕಿದೆ. ಎರಡು ದಿನ ಗುಣ, ಮೂರನೆಯ ದಿನ ಯಥಾಪ್ರಕಾರ. ಹೀಗೆ ಎರಡು ತಿಂಗಳು ಕಳೆದುವು.

ಒಂದು ಸಂಜೆ ದೀಪ ಹಚ್ಚಿ ಬಂದ ತಾಯಿಯವರು, “ಅಲ್ಲಪ್ಪಾ, ಇದರ ಕಣ್ಣಲ್ಲಿ ದೀಪವೇ ಕಾಣೋದಿಲ್ಲವಲ್ಲೋ” ಎಂದರು. ನೋಡಿದೆ. ಕನ್ನಡಿಯಂತೆ ಹೊಳೆಯಬೇಕಾದ ಕಣ್ಣು ಒಣಗಿದ ನೇರಳೆಯ ಹಾಗಿತ್ತು.

ಮರುದಿನವೇ ಹೆಬ್ಬಾಳಕ್ಕೆ ಹೊರಟೆವು. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇರುವುದು ಅಲ್ಲಿಯೆ. ವೈದ್ಯರು ಕೆಳರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿಯನ್ನು ಸಿಕ್ಕಿಸಿ ಗಡಿಯಾರ ನೋಡಿದರು. 1903ರಲ್ಲಿ ಶಿರ್ಮರ್ ಎಂಬ ಜರ್ಮನ್ ವೈದ್ಯ ಮನುಷ್ಯರಿಗಾಗಿ ವಿವರಿಸಿದ ಪರೀಕ್ಷೆಯಿದು. ಆರೋಗ್ಯವಾಗಿರುವ ನಾಯಿಯಾದರೆ ಒಂದು ನಿಮಿಷದಲ್ಲಿ ಪಟ್ಟಿ 15 ಮಿಲಿಮೀಟರಾದರೂ ನೆನೆಯಬೇಕು. ಕೆಂಚನ ಬಲಗಣ್ಣಿನಲ್ಲಿ ನೆನೆದದ್ದು 7, ಎಡಗಣ್ಣಿನಲ್ಲಿ 3.

ಕಣ್ಣೀರೆಂದರೆ ಬರಿಯ ನೀರಲ್ಲ. ಎಣ್ಣೆ, ನೀರು, ಲೋಳೆ ಮೂರೂ ಕೂಡಿದ ತೆಳುವಾದ ಹೊದಿಕೆ. ಕಣ್ಣಿನ ಕರಿಭಾಗವನ್ನು ಮುಚ್ಚಿರುವ ಪಾರದರ್ಶಕ ಪಟಲದಲ್ಲಿ ರಕ್ತನಾಳಗಳಿಲ್ಲ. ಈ ಹೊದಿಕೆಯೂ ಅದನ್ನು ಪೋಷಿಸುತ್ತದೆ. ಅನೇಕ ನಾಯಿಗಳಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಡಿಸ್ಟೆಂಪರ್ ರೋಗದಿಂದ, ಕೆಲವು ಸಲ್ಫಾ ಔಷಧಗಳಿಂದಲೂ ಹೀಗಾಗುವುದುಂಟು. ನೀರು ಬತ್ತಿದಾಗ ಲೋಳೆಯೊಂದೇ ಉಳಿದು ಗೀಜಾಗುತ್ತದೆ. ಹೆಚ್ಚಾಯಿತೆಂದು ನಾನು ದಿನವೂ ಒರೆಸುತ್ತಿದ್ದುದು ಇಲ್ಲದಿರುವುದರ ಗುರುತಾಗಿತ್ತು!

ಇದರ ಚಿಕಿತ್ಸೆಯ ಕಥೆಯೂ ಸ್ವಾರಸ್ಯವಾದುದು. ಹಿಂದೆ ಜೊಲ್ಲಿನ ನಾಳವನ್ನು ಶಸ್ತ್ರಕ್ರಿಯೆಯಿಂದ ಕಣ್ಣಿಗೆ ತಿರುಗಿಸುತ್ತಿದ್ದರು. ಆ ನಾಯಿಯ ಮುಂದೆ ಅನ್ನವಿಟ್ಟರೆ ಕಣ್ಣೀರು ಸುರಿಯುತ್ತಿತ್ತು! ಔಷಧಕ್ಕೆ ಬಗ್ಗದ ಕಣ್ಣಿಗೆ ಈಗಲೂ ಆ ದಾರಿಯುಂಟು. ನಾರ್ವೆಯ ಮಣ್ಣಿನ ಬೂಷ್ಟಿನಿಂದ ಪಡೆದ ಸೈಕ್ಲೋಸ್ಪೊರಿನ್ ಎಂಬ ಔಷಧವನ್ನು, ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಕೊಡುತ್ತಿದ್ದರು. 1980ರ ದಶಕದಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೀ ಕ್ಯಾಸ್ವಾನ್, ಅದನ್ನು ನಾಯಿಯ ಕಣ್ಣಿಗೆ ಹಾಕಿದರೆ ಗ್ರಂಥಿಗಳು ಮತ್ತೆ ಒಸರುತ್ತವೆಂದು ತೋರಿಸಿದರು. ಮನುಷ್ಯರ ಒಣಗಣ್ಣಿಗೆ ಆ ಹನಿಗಳು ಅಲ್ಲಿ ಮಂಜೂರಾದುದು 2002ರಲ್ಲಿ. ನಾಯಿಗೆ ಸಂದ ಮೇಲೆ ನಮಗೆ ಬಂದ ಪ್ರಸಾದವದು.

ವೈದ್ಯರು ವಿಧಿಸಿದ ಕ್ರಮ ಸರಳ: ಮೊದಲು ಗೀಜನ್ನು ಒರೆಸುವುದು, ಬಳಿಕ ದಿನಕ್ಕೆರಡು ಬಾರಿ ಔಷಧ, ನಡುನಡುವೆ ಕೃತಕ ಕಣ್ಣೀರು. ಗುಣ ಕಾಣಲು ವಾರಗಳು ಬೇಕು. ಕಂಡಿತೆಂದು ಬಿಟ್ಟರೆ ಕಣ್ಣು ಮತ್ತೆ ಒಣಗುತ್ತದೆ. ಇದು ಬದುಕಿರುವವರೆಗಿನ ವ್ರತ. ಕಂಡ ಹನಿಗಳನ್ನು ಪರೀಕ್ಷೆಯಿಲ್ಲದೆ ಹಾಕಬಾರದೆಂದೂ ಎಚ್ಚರಿಸಿದರು. ಕಣ್ಣಿನಲ್ಲಿ ಹುಣ್ಣಿದ್ದರೆ ಸ್ಟೆರಾಯ್ಡ್ ಬೆರೆತ ಹನಿ ಕಣ್ಣನ್ನೇ ಕಳೆಯಬಹುದಂತೆ. ನಾನು ತಲೆ ತಗ್ಗಿಸಿ ಕೇಳಿದೆ.

ಆರು ವಾರಗಳ ತರುವಾಯ ಬಲಗಣ್ಣಿನ ಪಟ್ಟಿ 14 ಮಿಲಿಮೀಟರು ನೆನೆಯಿತು, ಎಡಗಣ್ಣಿನದು 8. ಎಡಗಣ್ಣಿನ ಮೇಲೆ ಕವಿದ ಕಪ್ಪು ಪೊರೆ ಮಾತ್ರ ಪೂರ್ತಿ ಸರಿಯಲಿಲ್ಲ. ಅದು ನನ್ನ ಎರಡು ತಿಂಗಳ ಪಾಂಡಿತ್ಯದ ಫಲ. ಕೆಂಚ ಅತ್ತು ತೋರಿಸಲಾರದವನು. ಅಳಲು ಬೇಕಾದುದೇ ಅವನಲ್ಲಿ ಬತ್ತಿತ್ತು.

ಈಗಲೂ ಸಂಜೆ ದೀಪ ಹಚ್ಚಿದೊಡನೆ ತಾಯಿಯವರು ಅವನ ಮುಖ ನೋಡುತ್ತಾರೆ. ಬಲಗಣ್ಣಿನಲ್ಲಿ ದೀಪ ಪೂರ್ತಿಯಾಗಿ ಕಾಣುತ್ತದೆ, ಎಡಗಣ್ಣಿನಲ್ಲಿ ಅರ್ಧ.