ಡಿಸ್ಕ್ ಪ್ಲೇಯರ್ ಕೊಳ್ಳುವ ಮುನ್ನ ಕಪಾಟು ತೆರೆಯಿರಿ

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಟೇಪ್‌ರೆಕಾರ್ಡರ್ ಇರುತ್ತಿತ್ತು. ಆಮೇಲೆ ವಿ.ಸಿ.ಆರ್. ಬಂತು, 2000ದ ಬಳಿಕ ಡಿ.ವಿ.ಡಿ. ಪ್ಲೇಯರ್. ಮಂಗಳೂರಿನ ಎಷ್ಟೋ ಮನೆಗಳಿಗೆ ಸಿನಿಮಾ ಕಾಲಿಟ್ಟದ್ದು ಹೀಗೆ. ಆದರೆ ದುಬೈಯಿಂದ ತಂದ ಪ್ಲೇಯರಿಗೆ ಇಲ್ಲಿ ಕೊಂಡ ಡಿಸ್ಕ್ ಹಾಕಿದರೆ ಕೆಲವೊಮ್ಮೆ ಚಿತ್ರವೇ ಮೂಡುತ್ತಿರಲಿಲ್ಲ. ಯಂತ್ರ ಕೆಟ್ಟಿದೆಯೆಂದು ರಿಪೇರಿಗೆ ಹೊತ್ತವರೂ ಉಂಟು.

ಕಾರಣ ಬೇರೆಯೇ ಇತ್ತು. ಸಿನಿಮಾ ಒಂದೊಂದು ದೇಶದಲ್ಲಿ ಒಂದೊಂದು ಸಮಯಕ್ಕೆ ತೆರೆಕಾಣುವುದರಿಂದ, ಒಂದೆಡೆಯ ಡಿಸ್ಕ್ ಇನ್ನೊಂದೆಡೆ ಓಡದಂತೆ ಚಿತ್ರಸಂಸ್ಥೆಗಳು ಜಗತ್ತನ್ನು ಆರು ವಲಯಗಳಾಗಿ ಹಂಚಿಕೊಂಡವು. ಗಲ್ಫ್ ದೇಶಗಳು ಯೂರೋಪು, ಜಪಾನಿನೊಡನೆ 2ನೇ ವಲಯಕ್ಕೆ ಸೇರಿದವು. ಭಾರತ 5ನೇ ವಲಯಕ್ಕೆ. 2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ವಲಯ ಮೂರೇ ಆದರೂ ಗಲ್ಫ್ 'ಬಿ'ಯಲ್ಲಿ, ನಾವು 'ಸಿ'ಯಲ್ಲಿ. ಕುಟುಂಬದ ಅರ್ಧ ಆಚೆ, ಅರ್ಧ ಈಚೆ ಇರುವ ನಮ್ಮೂರಿಗೆ ಇದು ವಿಚಿತ್ರ ಗಡಿ. ಪ್ಲೇಯರಿನ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಗುರುತಿನೊಳಗೆ ಈ ಸಂಖ್ಯೆ ಇರುತ್ತದೆ. ಎಲ್ಲ ವಲಯಗಳ ಡಿಸ್ಕ್ ಓದುವ ಯಂತ್ರ ಸಿಕ್ಕಿದರೆ ಅದನ್ನೇ ಆರಿಸುವುದು ಲೇಸು.

1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಗೆ ಈ ವಲಯದ ಕಟ್ಟಳೆಯಿಲ್ಲ. ಅದರ ಚಿತ್ರಕ್ಕಿಂತ ಡಿ.ವಿ.ಡಿ. ಚಿತ್ರದಲ್ಲಿ ಚುಕ್ಕಿಗಳು ನಾಲ್ಕು ಪಟ್ಟು ಹೆಚ್ಚು. ವಿ.ಸಿ.ಡಿ.ಯಲ್ಲಿ ಹಿಡಿಯುವುದೂ ಸುಮಾರು 74 ನಿಮಿಷ ಮಾತ್ರ. ಆದ್ದರಿಂದಲೇ ಮೂರು ಗಂಟೆಯ ಹಿಂದಿ ಸಿನಿಮಾ ಮೂರು ಡಿಸ್ಕುಗಳಲ್ಲಿ ಬರುತ್ತಿತ್ತು. ಆದರೂ ಅಗ್ಗವಾದ್ದರಿಂದ ಯಕ್ಷಗಾನ ಪ್ರಸಂಗಗಳು, ತುಳು ನಾಟಕಗಳು ಮನೆ ಸೇರಿದ್ದು ಬಹುಪಾಲು ಇದರಲ್ಲಿಯೇ. ಮದುವೆ, ಗೃಹಪ್ರವೇಶಗಳೂ ಡಿಸ್ಕಿಗೆ ಇಳಿದವು.

ಇಲ್ಲೊಂದು ಸೂಕ್ಷ್ಮವಿದೆ. ಕಾರ್ಖಾನೆಯ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಸ್ಟುಡಿಯೋದವರು ಕೊಡುವ ಡಿಸ್ಕಿನಲ್ಲಾದರೋ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮೂಡಿಸಿರುತ್ತಾರೆ. ಡಿ.ವಿ.ಡಿ. ಓದುವ ಕೆಂಪು ಲೇಸರಿಗೆ, ಹೀಗೆ ಬರೆದ ಸಿ.ಡಿ.ಯ ಪದರ ಸರಿಯಾಗಿ ಪ್ರತಿಫಲಿಸುವುದಿಲ್ಲ. ಅದಕ್ಕೆ ಬೇರೆ ಲೇಸರೇ ಬೇಕು. ಮೊದಮೊದಲ ಕೆಲವು ಡಿ.ವಿ.ಡಿ. ಪ್ಲೇಯರುಗಳಲ್ಲಿ ಮದುವೆಯ ಸಿ.ಡಿ. ಓಡದಿದ್ದುದು ಇದರಿಂದಲೇ.

ಈಗ ಹೊಸ ಸಿನಿಮಾಕ್ಕೆ ಡಿಸ್ಕ್ ಬೇಕಾಗಿಲ್ಲ, ಅಂತರಜಾಲದಲ್ಲಿ ಸಿಗುತ್ತದೆ. ಆದರೆ ಅಜ್ಜಿಯ ನಗು, ಅಪ್ಪ ಮದುವೆ ಮನೆಯಲ್ಲಿ ಓಡಾಡಿದ ರೀತಿ ಕಪಾಟಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಹಾಗಾಗಿ ಪ್ಲೇಯರ್ ಕೊಳ್ಳಲು ಹೋಗುವಾಗ ಮನೆಯ ಡಿಸ್ಕುಗಳನ್ನೇ ಒಯ್ದು ಅಂಗಡಿಯಲ್ಲಿ ಹಾಕಿ ನೋಡಿ. ಬ್ಲೂ-ರೇ ಪ್ಲೇಯರುಗಳೆಲ್ಲ ವಿ.ಸಿ.ಡಿ. ಓದುವುದಿಲ್ಲ, ಸಾಧಾರಣ ಡಿ.ವಿ.ಡಿ. ಪ್ಲೇಯರೇ ಈ ಕೆಲಸಕ್ಕೆ ಹೆಚ್ಚು ಒದಗೀತು. ಹೊಸ ಟಿ.ವಿ.ಗೆ ಬೇಕಾದ ಎಚ್.ಡಿ.ಎಂ.ಐ. ಕಿಂಡಿಯೂ, ಹಳೆಯ ಕೆಂಪು-ಬಿಳಿ-ಹಳದಿ ಕಿಂಡಿಗಳೂ ಇವೆಯೇ ನೋಡಿಕೊಳ್ಳಿ.

ಕರಾವಳಿಯ ಮಳೆಗಾಲದ ತೇವಕ್ಕೆ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. ಒರೆಸುವಾಗ ಸುತ್ತ ತಿರುಗಿಸದೆ, ನಡುವಿನಿಂದ ಅಂಚಿಗೆ ನೇರವಾಗಿ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬರೆದ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತದೆ. ಯಂತ್ರಗಳೂ ಅಪರೂಪವಾಗುತ್ತಿವೆ, ಸ್ಯಾಮ್‌ಸಂಗ್ 2019ರಲ್ಲೇ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ನಿಲ್ಲಿಸಿತು. ಡಿಸ್ಕ್ ಓಡುತ್ತಿರುವಾಗಲೇ ಮನೆಯ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಇಟ್ಟುಕೊಳ್ಳುವುದು ಜಾಣತನ. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ದುಬೈಯ ಮಗನ ಮನೆಯಲ್ಲಿರಲಿ. ಅದಕ್ಕೆ ಯಾವ ವಲಯದ ಅಡ್ಡಿಯೂ ಇಲ್ಲ.