ನಿಮಗಿದು ಗೊತ್ತೆ? ಸೊನ್ನೆ ಎಂದರೆ ಅಪಾಯವಿಲ್ಲ ಎಂದಲ್ಲ!
ಹೊಸ ಔಷಧಿಯನ್ನು 100 ಜನರಿಗೆ ಕೊಟ್ಟರು, ಒಬ್ಬರಿಗೂ ಅಡ್ಡಪರಿಣಾಮ ಆಗಲಿಲ್ಲ ಎನ್ನಿ. ಹಾಗಾದರೆ ಅಪಾಯವೇ ಇಲ್ಲವೆ? ಪಠ್ಯಪುಸ್ತಕಗಳಲ್ಲಿ ಮೊದಲು ಕಲಿಸುವ ವಾಲ್ಡ್ ಸೂತ್ರ ಇಲ್ಲಿ ಮುಗ್ಗರಿಸುತ್ತದೆ: ಅಪಾಯ ಸೊನ್ನೆ, ಅನಿಶ್ಚಿತತೆಯೂ ಸೊನ್ನೆ ಎಂದುಬಿಡುತ್ತದೆ! ಬ್ರಾಡ್ಲಿ ಎಫ್ರಾನ್ 1979ರಲ್ಲಿ ಪರಿಚಯಿಸಿದ ಬೂಟ್‌ಸ್ಟ್ರಾಪ್ ವಿಧಾನದ್ದೂ ಇದೇ ಪಾಡು. ಇರುವ ಅಂಕಿಗಳನ್ನೇ ಮತ್ತೆ ಮತ್ತೆ ಎತ್ತಿ ಲೆಕ್ಕ ಹಾಕುವ ಅದಕ್ಕೆ ನೂರು ಸೊನ್ನೆಗಳಲ್ಲಿ ಸಿಗುವುದು ಸೊನ್ನೆಯೇ. 1927ರಷ್ಟು ಹಳೆಯ ವಿಲ್ಸನ್ ಸೂತ್ರವೇ ವಾಸಿ: ಶೇ 95ರ ವಿಶ್ವಾಸಮಟ್ಟದಲ್ಲಿ ಅಪಾಯ ಶೇ 3.7ರವರೆಗೂ ಇರಬಹುದು ಎನ್ನುತ್ತದೆ. 1934ರ ಕ್ಲಾಪರ್-ಪಿಯರ್ಸನ್ ವಿಧಾನದಲ್ಲಿ ಇದು ಶೇ 3.6. ಬಾಯಿಲೆಕ್ಕವೇ ಬೇಕೆ? 3ನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ, ಅಂದಾಜು ಮೇಲ್ಮಿತಿ ಸಿಗುತ್ತದೆ. ‘ಒಬ್ಬರಿಗೂ ತೊಂದರೆಯಾಗಿಲ್ಲ’ ಎಂಬ ಜಾಹೀರಾತು ಕಂಡರೆ, ಎಷ್ಟು ಜನರ ಪೈಕಿ ಎಂದು ಕೇಳಿ.