ಸ್ಪೈಡರ್ ಪ್ಲಾಂಟ್‌ನ ಎಲೆತುದಿ ಒಣಗುವುದೇಕೆ?

ಕುಂಡದಿಂದ ಹೊರಕ್ಕೆ ಬಾಗಿದ ಹುಲ್ಲಿನಂಥ ಎಲೆ, ಎಲೆಯ ನಡುವೆ ಬಿಳಿ ಪಟ್ಟೆ, ಉದ್ದನೆಯ ದಂಟಿನ ತುದಿಯಲ್ಲಿ ಜೋತಾಡುವ ಮರಿಗಿಡಗಳು. ಈ ಮರಿಗಳು ದಾರಕ್ಕೆ ನೇತುಬಿದ್ದ ಜೇಡದ ಹಾಗೆ ಕಾಣುವುದರಿಂದಲೇ ಸ್ಪೈಡರ್ ಪ್ಲಾಂಟ್ ಎಂಬ ಹೆಸರು ಬಂದಿದೆ. ನಮ್ಮ ಕಡೆಯ ನರ್ಸರಿಗಳಲ್ಲೂ ಇದೇ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ಕ್ಲೋರೊಫೈಟಮ್ ಕೊಮೋಸಮ್. ಇದರ ತವರು ಆಫ್ರಿಕಾ. 1794ರಲ್ಲಿ ಸ್ವೀಡನ್ನಿನ ಕಾರ್ಲ್ ಪೀಟರ್ ಥನ್‌ಬರ್ಗ್ ಇದನ್ನು ಮೊದಲು ವಿವರಿಸಿದಾಗ ಬೇರೆ ಕುಲದ ಹೆಸರು ಕೊಟ್ಟಿದ್ದರು. ಔಷಧಿ ಅಂಗಡಿಗಳಲ್ಲಿ ಸಿಗುವ ಸಫೇದ್ ಮುಸ್ಲಿ ಇದೇ ಕುಲದ ನಮ್ಮ ದೇಶದ ಗಿಡ.

ಬಯಾಲಜಿ ಓದುವವರು ಮರಿಗಳು ಹುಟ್ಟುವ ಬಗೆಯನ್ನು ಗಮನಿಸಬೇಕು. ಮರಿ ತೂಗುವ ದಂಟು ನೆಲದ ಮೇಲೆ ಹರಿಯುವ ಬಳ್ಳಿಯಲ್ಲ, ಅದು ಹೂವಿನ ದಂಟು. ಮೊದಲು ಸಣ್ಣ ಬಿಳಿ ಹೂ ಬಿಡುತ್ತದೆ, ಆಮೇಲೆ ಅದೇ ದಂಟಿನ ಗೆಣ್ಣುಗಳಲ್ಲಿ ಮರಿಗಿಡ ಮೂಡುತ್ತದೆ. ಇದನ್ನೇ ದೊಡ್ಡ ಗಾತ್ರದಲ್ಲಿ ನೋಡಬೇಕೆಂದರೆ ಹೊಲದ ಬೇಲಿಯ ಕತ್ತಾಳೆಯನ್ನು ನೋಡಿ. ಅದರ ಎತ್ತರದ ಹೂಕಂಬದಲ್ಲಿ ಮೂಡುವ ಬಲ್ಬಿಲ್‌ಗಳೂ ಹೀಗೆಯೇ ಉದುರಿ ಬೇರು ಬಿಡುತ್ತವೆ. ಎರಡೂ ಆಸ್ಪರಾಗೇಸಿ ಕುಟುಂಬದವೇ. ಕತ್ತಾಳೆ ಒಮ್ಮೆ ಹೂಬಿಟ್ಟು ಸಾಯುತ್ತದೆ, ಸ್ಪೈಡರ್ ಪ್ಲಾಂಟ್ ಸಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ ಈ ಗಿಡ ಹೆಚ್ಚು ದಂಟು ಹಾಕುತ್ತದೆ. ನಮ್ಮ ಅಕ್ಷಾಂಶದಲ್ಲಿ ಜೂನಿನ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಮರಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ತಡರಾತ್ರಿಯವರೆಗೆ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿಟ್ಟ ಗಿಡ ಮರಿ ಹಾಕದಿರಲು ಇದೂ ಒಂದು ಕಾರಣ ಇರಬಹುದು.

ಬೆಳೆಸುವುದು ಸುಲಭ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಸಾಕು. ತೆಂಗಿನ ನಾರಿನ ಪುಡಿ ಬಳಸುವುದಾದರೆ ಎರಡು ಮೂರು ಸಲ ನೀರಿನಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ಮನೆಯೊಳಗಾದರೆ ಕಿಟಕಿಯ ಬಳಿ, ಹೊರಗಾದರೆ ಮಾವಿನ ಮರದ ನೆರಳಲ್ಲಿ ಅಥವಾ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಗಲಿಯಲ್ಲಿ ಇಡಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಬಿಳಚಿಕೊಂಡು ಸುಡುತ್ತದೆ. ಮೇಲಿನ ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಬೇರುಗಳು ಮೂಲಂಗಿಯಂತೆ ದಪ್ಪವಾಗಿದ್ದು ನೀರು ಕೂಡಿಟ್ಟುಕೊಳ್ಳುತ್ತವೆ. ನಾಲ್ಕು ದಿನ ರಜೆ ಬಂದರೆ ಗಿಡಕ್ಕೆ ಏನೂ ಆಗುವುದಿಲ್ಲ, ದಿನವೂ ಚೊಂಬು ತುಂಬ ಸುರಿದರೆ ಬೇರು ಕೊಳೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ ಎಂಬುದು ಹಲವರ ದೂರು. ನೀರು ಸಾಲದು ಎಂದುಕೊಂಡು ಇನ್ನಷ್ಟು ಬೋರ್‌ವೆಲ್ ನೀರು ಹಾಕುತ್ತಾರೆ, ತುದಿ ಇನ್ನಷ್ಟು ಒಣಗುತ್ತದೆ. ಕಾರಣ ನೀರಿನ ಪ್ರಮಾಣವಲ್ಲ, ಬಹುಪಾಲು ಸಲ ನೀರಿನೊಳಗೆ ಕರಗಿರುವ ವಸ್ತು. ಫ್ಲೋರೈಡ್‌ಗೆ ಬೇಗ ಸ್ಪಂದಿಸುವ ಮನೆಗಿಡಗಳಲ್ಲಿ ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಮುಖ್ಯವಾದವು. ಬೇರು ಹೀರಿದ ನೀರು ಎಲೆಯ ತುದಿಯವರೆಗೆ ಹೋಗಿ ಆವಿಯಾಗುತ್ತದೆ, ಫ್ಲೋರೈಡ್ ಮತ್ತು ಲವಣ ಆವಿಯಾಗದೆ ಅಲ್ಲೇ ಉಳಿಯುತ್ತವೆ. ದಿನೇ ದಿನೇ ಶೇಖರವಾಗಿ ತುದಿಯ ಜೀವಕೋಶ ಸಾಯುತ್ತದೆ. ಗಡಸು ನೀರು ಪೂರ್ತಿ ಆರಿಹೋದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಉಳಿಯುವುದೂ ಹೀಗೆಯೇ, ನೀರು ಹೋಗಿ ಅದರಲ್ಲಿದ್ದದ್ದು ಉಳಿಯುವುದರಿಂದ.

ಸಾಸಲಿನಂಥ ಊರುಗಳಲ್ಲಿ ಇದು ಬರೀ ಗಿಡದ ಮಾತಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕೆರೆ ತುಂಬುವುದು ಮಳೆ ಬಂದರೆ ಮಾತ್ರ, ಉಳಿದದ್ದಕ್ಕೆಲ್ಲ ಗ್ರಾನೈಟ್ ಬಂಡೆಯೊಳಗಿನ ಕೊಳವೆಬಾವಿ ನೀರು. ನೆರೆಯ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ, ತುಮಕೂರಿನ ಪಾವಗಡದಲ್ಲಿ ಅಂತರ್ಜಲದ ಫ್ಲೋರೈಡ್ ಬಹಳ ವರ್ಷಗಳ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಬಾಲ್ಯದಿಂದ ಕುಡಿದವರ ಹಲ್ಲಿನಲ್ಲಿ ಕಲೆ ಮೂಡುತ್ತದೆ, ಪ್ರಮಾಣ ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ ಮತ್ತು ಕೀಲುಗಳಿಗೂ ತೊಂದರೆ. ಕುದಿಸಿದರೆ ಸರಿಹೋಗುತ್ತದೆ ಎಂದು ತಿಳಿದವರಿದ್ದಾರೆ. ಕುದಿಸಿದರೆ ನೀರು ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಇರುತ್ತದೆ.

ಹಾಗೆಂದು ಕಂದು ತುದಿ ಕಂಡ ಕೂಡಲೇ ನಮ್ಮ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇದೆ ಎಂದು ತೀರ್ಮಾನಿಸುವಂತಿಲ್ಲ. ಗಡಸು ನೀರಿನ ಲವಣ, ಅತಿ ಗೊಬ್ಬರ, ಬೇಸಿಗೆಯ ಒಣಗಾಳಿ, ಇವೆಲ್ಲವೂ ಅದೇ ಗುರುತು ಬಿಡುತ್ತವೆ. ತಿಳಿಯಲು ನೀರನ್ನೇ ಪರೀಕ್ಷಿಸಬೇಕು. ಜಲ ಜೀವನ್ ಮಿಷನ್‌ನಡಿ ಗ್ರಾಮಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆಯೂ ಸೇರಿದೆ, ಪಂಚಾಯಿತಿಯಲ್ಲಿ ವಿಚಾರಿಸಿ.

ಗಿಡದ ಮಟ್ಟಿಗೆ ಪರಿಹಾರ ಮಳೆನೀರು. ಚಾವಣಿಯಿಂದ ಬಿದ್ದದ್ದನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಸೊಳ್ಳೆ ಹೋಗದಂತೆ ಮುಚ್ಚಿಟ್ಟರೆ ಹತ್ತಾರು ಕುಂಡಕ್ಕೆ ಬಹಳ ದಿನ ಬರುತ್ತದೆ. ಸೂಪರ್ ಫಾಸ್ಫೇಟ್ ಹಾಕಬೇಡಿ, ಅದರಲ್ಲೇ ಫ್ಲೋರೈಡ್ ಇರುತ್ತದೆ. ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡುವ ನೀರು ವ್ಯರ್ಥವಾಗುತ್ತಿದೆಯಲ್ಲ ಎಂದು ಇದಕ್ಕೆ ತಂದು ಹಾಕಲೇಬೇಡಿ. ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಸೇರಿರುವುದು ಅದರಲ್ಲೇ. ಅದು ಶೌಚಾಲಯ ತೊಳೆಯಲು ಆದೀತು.

ಇನ್ನು, ಈ ಗಿಡ ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಪ್ರಚಾರ. ಇದರ ಮೂಲ ನಾಸಾದ ಬಿ. ಸಿ. ವುಲ್ವರ್ಟನ್ 1984 ಮತ್ತು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಗಿಡಗಳು ಫಾರ್ಮಾಲ್ಡಿಹೈಡ್‌ನಂಥ ಅನಿಲವನ್ನು ಕಡಿಮೆ ಮಾಡಿದ್ದು ನಿಜ, ಆದರೆ ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ 12 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕಹಾಕಿದರು. ಕಟ್ಟಡದ ಮಾಮೂಲಿ ಗಾಳಿಯಾಟ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಕಂಡರು. 40 ಚದರ ಮೀಟರಿನ ತರಗತಿಗೆ ಕನಿಷ್ಠ 400 ಕುಂಡ! ನಾವು ಕೂರುವುದೆಲ್ಲಿ? ಗಾಳಿಗೆ ಕಿಟಕಿ ತೆರೆಯಿರಿ, ಗಿಡವನ್ನು ಅದರ ಚಂದಕ್ಕೆ ಇಡಿ. ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತೂ ಸುಳ್ಳು, ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ನಡೆಯುವುದಿಲ್ಲ.

ಬೆಕ್ಕು ಕಚ್ಚಿದರೂ ವಿಷವಲ್ಲ. ಬಿಳಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಣಗಿದ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಬಹುದು, ಅದು ಮತ್ತೆ ಹಸಿರಾಗುವುದಿಲ್ಲ. ಹೊಸ ಗಿಡ ಬೇಕಾದವರು ಬುಡದಲ್ಲಿ ಪುಟ್ಟ ಬಿಳಿ ಮೊಳಕೆಬೇರು ಕಾಣುವ ಮರಿಯನ್ನು ಆರಿಸಿ, ದಂಟು ಕತ್ತರಿಸದೆ ಪಕ್ಕದ ಕುಂಡದ ಮಣ್ಣಿನ ಮೇಲೆ ಕೂರಿಸಿ. ಎರಡು ಮೂರು ವಾರದಲ್ಲಿ ಮೆಲ್ಲಗೆ ಎಳೆದಾಗ ಬಿಗಿಯಾಗಿ ನಿಂತರೆ ಬೇರು ಬಿಟ್ಟಿದೆ ಎಂದರ್ಥ, ಆಗ ದಂಟು ಕತ್ತರಿಸಿ.